ಅಂಕ ಬಂದಿದೆ, ಅರ್ಥವಾಗಿದೆಯೇ? ಭೌತಶಾಸ್ತ್ರದ ಕಲಿಕೆಯ ಬಗ್ಗೆ ಸಂಶೋಧನೆ ಹೇಳುವ ಮಾತು

ಮೂಡುಬಿದಿರೆಯ ಕಡಲಕೆರೆಯಲ್ಲಿ ಕಂಬಳ ನೋಡಿದವರಿಗೆ ಕನೆಹಲಗೆಯ ಓಟ ಗೊತ್ತು. ಕೋಣಗಳು ಎಳೆಯುವ ಹಲಗೆಯ ಮೇಲೆ ಓಟಗಾರ ನಿಂತಿರುತ್ತಾನೆ. ಹಲಗೆಯ ರಂಧ್ರಗಳಿಂದ ಕೆಸರುನೀರು ಚಿಮ್ಮಿ, 6½ ಕೋಲು ಅಥವಾ 7½ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ತಾಗಬೇಕು. ತಾಗಿದರೆ ಜನರ ಬೊಬ್ಬೆ ಮುಗಿಲು ಮುಟ್ಟುತ್ತದೆ.

ಈ ನೀರಿನ ಬಗ್ಗೆ ಒಂದು ಪ್ರಶ್ನೆ. ಹನಿಯೊಂದು ಹಲಗೆಯನ್ನು ಬಿಟ್ಟಾಗಿದೆ, ನಿಶಾನೆಯತ್ತ ಇನ್ನೂ ಏರುತ್ತಿದೆ. ಆ ಕ್ಷಣದಲ್ಲಿ ಅದರ ಮೇಲೆ ಯಾವ ಯಾವ ಬಲಗಳು ವರ್ತಿಸುತ್ತಿವೆ? ಮುಂದೆ ಓದುವ ಮೊದಲು ದಯವಿಟ್ಟು ನಿಮ್ಮ ಉತ್ತರವನ್ನು ಮನಸ್ಸಿನಲ್ಲೇ ನಿಶ್ಚಯಿಸಿಕೊಳ್ಳಿ.

'ಹಲಗೆ ಕೊಟ್ಟ ಬಲ ಹನಿಯನ್ನು ಮೇಲಕ್ಕೆ ಒಯ್ಯುತ್ತದೆ, ಭೂಮಿಯ ಗುರುತ್ವ ಕೆಳಕ್ಕೆ ಎಳೆಯುತ್ತದೆ, ಮೇಲಿನ ಬಲ ಮುಗಿದಾಗ ಹನಿ ಕೆಳಗೆ ಬೀಳುತ್ತದೆ' ಎಂಬುದು ನಿಮ್ಮ ಉತ್ತರವಾಗಿದ್ದರೆ ನೀವು ಒಂಟಿಯಲ್ಲ. ಜಗತ್ತಿನ ಬಹುಪಾಲು ವಿದ್ಯಾರ್ಥಿಗಳು ಹೀಗೆಯೇ ಹೇಳುತ್ತಾರೆ. ಎಂಜಿನಿಯರಿಂಗ್ ಓದುವವರೂ ಇದಕ್ಕೆ ಹೊರತಲ್ಲ. ಆದರೆ ನ್ಯೂಟನ್ನನ ಭೌತಶಾಸ್ತ್ರದ ಪ್ರಕಾರ, ಗಾಳಿಯ ಸಣ್ಣ ತಡೆಯನ್ನು ಬಿಟ್ಟರೆ, ಹನಿಯ ಮೇಲಿರುವುದು ಗುರುತ್ವ ಬಲವೊಂದೇ. ಹಲಗೆಯ ಬಲ ಹನಿ ಹಲಗೆಯನ್ನು ಬಿಟ್ಟ ಕ್ಷಣವೇ ನಿಂತಿತು. ಹನಿ ತನ್ನ ಜೊತೆಗೆ ಒಯ್ದದ್ದು ಬಲವನ್ನಲ್ಲ, ವೇಗವನ್ನು. ಗುರುತ್ವವು ಆ ವೇಗವನ್ನು ಕ್ಷಣಕ್ಷಣಕ್ಕೂ ಕಡಿಮೆ ಮಾಡುತ್ತ ಬರುತ್ತದೆ, ವೇಗ ಸೊನ್ನೆಯಾದ ಮೇಲೆ ಅದೇ ಗುರುತ್ವ ಹನಿಯನ್ನು ಕೆಳಗೆ ತರುತ್ತದೆ.

ನ್ಯೂಟನ್ನನ ಮೂರು ನಿಯಮಗಳನ್ನು ತಪ್ಪಿಲ್ಲದೆ ಬರೆದು ಪೂರ್ಣ ಅಂಕ ಪಡೆದ ವಿದ್ಯಾರ್ಥಿಯೂ ಈ ಪ್ರಶ್ನೆಯಲ್ಲಿ ಎಡವುತ್ತಾನೆ. ಏಕೆ? ಈ 'ಏಕೆ'ಯನ್ನು ಹಿಡಿದು ಹೊರಟ ಒಂದು ಶಾಸ್ತ್ರವೇ ಕಳೆದ ಅರ್ಧ ಶತಮಾನದಲ್ಲಿ ಬೆಳೆದಿದೆ. ಭೌತಶಾಸ್ತ್ರವನ್ನು ಮಕ್ಕಳು ಹೇಗೆ ಕಲಿಯುತ್ತಾರೆ, ಎಲ್ಲಿ ತೊಡಕುತ್ತಾರೆ, ಯಾವ ಬಗೆಯ ಬೋಧನೆ ಫಲ ಕೊಡುತ್ತದೆ ಎಂಬುದನ್ನು ಅಳೆದು ನೋಡುವ ಶಾಸ್ತ್ರ ಅದು. ಪರದೆಯ ಮೇಲೆ ಮಾತು ಬೇಗ ಹರಿದುಹೋಗುತ್ತದೆ. ಪ್ರಶ್ನೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಲು ಅಚ್ಚಿನ ಪುಟವೇ ಅನುಕೂಲ.

ನಮ್ಮ ಜಿಲ್ಲೆಗೆ ಇದು ಏಕೆ ಬೇಕು?

ದಕ್ಷಿಣ ಕನ್ನಡ ಜಿಲ್ಲೆ ಫಲಿತಾಂಶಕ್ಕೆ ಹೆಸರಾದ ಜಿಲ್ಲೆ. ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ 2023 ಮತ್ತು 2024ರಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಇದರದು. ಮೂಡುಬಿದಿರೆ, ಉಜಿರೆಗಳ ಕಾಲೇಜುಗಳಿಗೆ ದೂರದ ಜಿಲ್ಲೆಗಳಿಂದಲೂ ಮಕ್ಕಳು ಬರುತ್ತಾರೆ. ಬಂಟ್ವಾಳ, ಬೆಳ್ತಂಗಡಿಯ ಹಳ್ಳಿಗಳಲ್ಲಿ ತಾಯಿ ಬೀಡಿ ಕಟ್ಟಿ, ತಂದೆ ಅಡಿಕೆ ತೋಟದಲ್ಲಿ ದುಡಿದು ಮಗಳನ್ನು ವಿಜ್ಞಾನ ವಿಭಾಗಕ್ಕೆ ಸೇರಿಸಿದ ಮನೆಗಳು ಎಷ್ಟೋ ಇವೆ. ಆ ಮನೆಯ ಮಟ್ಟಿಗೆ ಭೌತಶಾಸ್ತ್ರದ ಅಂಕ ಎಂಬುದು ಬದುಕಿನ ದಾರಿ ತೆರೆಯುವ ಕೀಲಿಕೈ.

ಇದು ಸಣ್ಣ ಸಾಧನೆಯಲ್ಲ. ಆದರೆ ಅಂಕದ ಹಿಂದೆ ಅರ್ಥ ಇದೆಯೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಅರ್ಥವಿಲ್ಲದ ಅಂಕ ಪ್ರವೇಶ ಪರೀಕ್ಷೆಯ ತನಕ ಕೈಹಿಡಿದೀತು, ಮುಂದಿನ ಓದಿನಲ್ಲಿ ಕೈಬಿಡುತ್ತದೆ. ಇನ್ನೊಂದು ನಷ್ಟವೂ ಇದೆ. ಅರ್ಥವಾಗದ್ದನ್ನು ಉರು ಹೊಡೆಯಲು ಮನಸ್ಸೊಪ್ಪದ ಎಷ್ಟೋ ಮಕ್ಕಳು 'ಫಿಸಿಕ್ಸ್ ನಮಗೆ ಹೇಳಿದ್ದಲ್ಲ' ಎಂದು ಹತ್ತನೆಯ ತರಗತಿಯಲ್ಲೇ ವಿಜ್ಞಾನದ ಬಾಗಿಲನ್ನು ಮುಚ್ಚಿಕೊಳ್ಳುತ್ತಾರೆ. ಆ ಮಕ್ಕಳು ದಡ್ಡರಲ್ಲ ಎಂಬುದು ಸಂಶೋಧನೆಯ ಮೊದಲ ಮಾತು.

ತಲೆ ಖಾಲಿ ಕೊಡವಲ್ಲ

ಅಧ್ಯಾಪಕರು ಜ್ಞಾನವನ್ನು ಸುರಿಯುತ್ತಾರೆ, ವಿದ್ಯಾರ್ಥಿಯ ತಲೆಯೆಂಬ ಕೊಡ ತುಂಬುತ್ತದೆ ಎಂಬ ಕಲ್ಪನೆ ಹಳೆಯದು. 1970ರ ದಶಕದ ಕೊನೆಗೆ ಫ್ರಾನ್ಸಿನ ಲಾರೆನ್ಸ್ ವಿಯೆನ್ನೋ, ಅನಂತರ ಅಮೆರಿಕದ ಜಾನ್ ಕ್ಲೆಮೆಂಟ್ ಮೊದಲಾದ ಸಂಶೋಧಕರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಸರಳ ಪ್ರಶ್ನೆ ಕೇಳಿ, ಅವರು ಕೊಟ್ಟ ಕಾರಣಗಳನ್ನು ತಾಳ್ಮೆಯಿಂದ ಪರಿಶೀಲಿಸಿದರು. ಕೊಡ ಖಾಲಿ ಇರಲಿಲ್ಲ. ಪಾಠ ಶುರುವಾಗುವ ಮೊದಲೇ ಅದರೊಳಗೆ ಒಂದು ಭೌತಶಾಸ್ತ್ರವಿತ್ತು. ಬಾಲ್ಯದಿಂದ ಎಳೆದು, ತಳ್ಳಿ, ಎಸೆದು, ಬಿದ್ದು ಗಳಿಸಿದ ಅನುಭವದ ಭೌತಶಾಸ್ತ್ರ ಅದು.

ಆ ಅನುಭವ ಏನನ್ನು ಕಲಿಸುತ್ತದೆ? ತಳ್ಳುಗಾಡಿಯನ್ನು ತಳ್ಳುವುದು ಬಿಟ್ಟರೆ ಅದು ನಿಲ್ಲುತ್ತದೆ. ಸೈಕಲಿನ ಪೆಡಲು ತುಳಿಯುವುದು ಬಿಟ್ಟರೂ ಹಾಗೆಯೇ. ಆದ್ದರಿಂದ 'ಚಲನೆ ಇರಬೇಕಾದರೆ ಬಲ ಇರಬೇಕು' ಎಂದು ಮಗು ತಾನೇ ಒಂದು ನಿಯಮ ಮಾಡಿಕೊಳ್ಳುತ್ತದೆ. ಗಾಡಿ ನಿಲ್ಲಲು ಕಾರಣ ಬಲದ ಅಭಾವವಲ್ಲ, ಘರ್ಷಣೆಯೆಂಬ ಇನ್ನೊಂದು ಬಲ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಘರ್ಷಣೆಯಿಲ್ಲದ ಲೋಕವನ್ನು ನಾವ್ಯಾರೂ ಕಂಡಿಲ್ಲವಷ್ಟೆ.

ಎಸೆದ ವಸ್ತುವಿನೊಳಗೆ ಒಂದು ಪ್ರೇರಣೆ ತುಂಬಿಕೊಂಡು ಅದು ಕ್ರಮೇಣ ಖರ್ಚಾಗುತ್ತದೆ ಎಂದು ಆರನೆಯ ಶತಮಾನದಲ್ಲಿ ಫಿಲೊಪೊನಸ್, ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬುರಿದಾನ್ ವಾದಿಸಿದ್ದರು. ಅವರು ತಮ್ಮ ಕಾಲದ ಶ್ರೇಷ್ಠ ಚಿಂತಕರು. ಗೆಲಿಲಿಯೋ, ನ್ಯೂಟನ್ ಬಂದು ಆ ಕಲ್ಪನೆಯನ್ನು ತೊಡೆಯಲು ಇನ್ನೂ ಮುನ್ನೂರು ವರ್ಷಗಳಷ್ಟು ಹಿಡಿಯಿತು. ಅಷ್ಟು ಗಟ್ಟಿಯಾದ ಕಲ್ಪನೆ ನಲವತ್ತೈದು ನಿಮಿಷದ ಒಂದು ಪಿರಿಯಡ್ಡಿನಲ್ಲಿ ಅಳಿಸಿಹೋಗಬೇಕೆಂದು ನಾವು ನಿರೀಕ್ಷಿಸುತ್ತಿದ್ದೇವೆ.

ಅಳತೆಗೋಲು ಸಿಕ್ಕಿತು

ಅಮೆರಿಕದ ಅರಿಜೋನ ರಾಜ್ಯ ವಿಶ್ವವಿದ್ಯಾಲಯದಲ್ಲಿ ಇಬ್ರಾಹಿಂ ಹಲ್ಲೂನ್ ಮತ್ತು ಡೇವಿಡ್ ಹೆಸ್ಟೆನಸ್ ಇಂತಹ ಪ್ರಶ್ನೆಗಳನ್ನು ಸೇರಿಸಿ ಒಂದು ಪರೀಕ್ಷೆ ಸಿದ್ಧಪಡಿಸಿ 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಪಾಠಕ್ರಮವನ್ನು ನಾಲ್ವರು ಅಧ್ಯಾಪಕರು ಬೋಧಿಸಿದ್ದರು. ಪ್ರತಿಯೊಬ್ಬರ ಶೈಲಿಯೂ ಬೇರೆ. ಆದರೂ ವಿದ್ಯಾರ್ಥಿಗಳ ಮೂಲಕಲ್ಪನೆಗಳಲ್ಲಿ ಆದ ಪ್ರಗತಿ ನಾಲ್ಕೂ ತರಗತಿಗಳಲ್ಲಿ ಹೆಚ್ಚುಕಡಿಮೆ ಒಂದೇ, ಮತ್ತು ಅದು ಬಹಳ ಕಡಿಮೆ. ಉಪನ್ಯಾಸ ಚೆನ್ನಾಗಿತ್ತೋ ಸಾಧಾರಣವಾಗಿತ್ತೋ ಎಂಬುದು ಹೆಚ್ಚಿನ ವ್ಯತ್ಯಾಸ ಮಾಡಿರಲಿಲ್ಲ.

1992ರಲ್ಲಿ ಇದರ ಸುಧಾರಿತ ರೂಪವಾಗಿ 'ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ' ಎಂಬ ಪ್ರಶ್ನಾವಳಿ ಬಂತು. ಅದನ್ನು ಬಲದ ಪರಿಕಲ್ಪನೆಯ ತಪಶೀಲು ಎನ್ನಬಹುದು. ಇಂದು ಬಳಕೆಯಲ್ಲಿರುವ ರೂಪದಲ್ಲಿ 30 ಪ್ರಶ್ನೆಗಳಿವೆ. ಲೆಕ್ಕವಿಲ್ಲ, ಸೂತ್ರವಿಲ್ಲ, ಎಲ್ಲವೂ ದಿನಬಳಕೆಯ ಮಾತಿನಲ್ಲಿ. ಪ್ರತಿ ಪ್ರಶ್ನೆಗೂ ಕೊಟ್ಟಿರುವ ತಪ್ಪು ಉತ್ತರಗಳು ವಿದ್ಯಾರ್ಥಿಗಳು ನಿಜವಾಗಿ ನಂಬುವ ಕಲ್ಪನೆಗಳೇ. ಆದ್ದರಿಂದ ವಿದ್ಯಾರ್ಥಿ ಯಾವ ತಪ್ಪನ್ನು ಆರಿಸಿದ ಎಂಬುದರಿಂದಲೇ ಅವನ ತಲೆಯಲ್ಲೇನಿದೆ ಎಂದು ತಿಳಿಯುತ್ತದೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಅವರು ಹಲ್ಲೂನ್ ಮತ್ತು ಹೆಸ್ಟೆನಸ್ ಅವರ ಬರಹ ಓದಿ, ತಮ್ಮ ವಿದ್ಯಾರ್ಥಿಗಳಿಗೆ ಈ ಕಷ್ಟವಿರಲಾರದೆಂದು ಭಾವಿಸಿ ಅದೇ ಪರೀಕ್ಷೆ ಕೊಟ್ಟರು. ಒಬ್ಬ ವಿದ್ಯಾರ್ಥಿನಿ ಎದ್ದು, ಉತ್ತರವನ್ನು ತಾವು ಕಲಿಸಿದಂತೆ ಬರೆಯಬೇಕೋ ತಾನು ಯೋಚಿಸುವಂತೆ ಬರೆಯಬೇಕೋ ಎಂದು ಕೇಳಿದಳಂತೆ. ಮಜೂರ್ ಇದನ್ನು ಮುಂದೆ ಅನೇಕ ಕಡೆ ಹೇಳಿಕೊಂಡಿದ್ದಾರೆ. ಪರೀಕ್ಷೆಗೆ ಒಂದು ಭೌತಶಾಸ್ತ್ರ, ಬದುಕಿಗೆ ಇನ್ನೊಂದು ಎಂದು ಎರಡು ಖಾತೆಗಳನ್ನು ಆಕೆ ಇಟ್ಟುಕೊಂಡಿದ್ದಳು. ಇಂತಹ ಎರಡು ಖಾತೆ ನಮ್ಮ ಮಕ್ಕಳಲ್ಲಿಲ್ಲ ಎನ್ನಲು ಯಾವ ಆಧಾರವೂ ಇಲ್ಲ.

ಲೆಕ್ಕ ಸಾವಿರ ಮಾಡಿದರೆ ಸಾಕೇ?

'ಹೆಚ್ಚು ಲೆಕ್ಕ ಮಾಡಿಸಿ, ತಾನಾಗಿ ಅರ್ಥವಾಗುತ್ತದೆ' ಎಂಬ ಮಾತನ್ನು ಕೋಚಿಂಗ್ ತರಗತಿಗಳಲ್ಲಿ ಕೇಳುತ್ತೇವೆ. ದಕ್ಷಿಣ ಕೊರಿಯಾದ ಕಿಮ್ ಮತ್ತು ಪಾಕ್ ಎಂಬ ಸಂಶೋಧಕರು ಇದನ್ನೇ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಅವರು ಅಧ್ಯಯನ ಮಾಡಿದ್ದು 27 ವಿದ್ಯಾರ್ಥಿಗಳನ್ನು. ಅವರೆಲ್ಲ ಪ್ರವೇಶ ಪರೀಕ್ಷೆಗಾಗಿ 300ರಿಂದ 2900ರ ತನಕ, ಸರಾಸರಿ 1500ರಷ್ಟು ಲೆಕ್ಕ ಬಿಡಿಸಿದವರು. ಸೂತ್ರ, ಗಣಿತ ಅವರಿಗೆ ಕಷ್ಟವಾಗಲಿಲ್ಲ. ಆದರೆ ಬಲ, ಚಲನೆಗಳ ಮೂಲ ಗೊಂದಲಗಳು ಹಾಗೆಯೇ ಉಳಿದಿದ್ದವು. ಬಿಡಿಸಿದ ಲೆಕ್ಕದ ಸಂಖ್ಯೆಗೂ ಅರ್ಥೈಸಿಕೊಂಡ ಮಟ್ಟಕ್ಕೂ ಸಂಬಂಧ ಅತ್ಯಲ್ಪ.

ಇದು ಚಿಕ್ಕ ಅಧ್ಯಯನ. ಇನ್ನೊಂದು ದೊಡ್ಡದು ಲೀ ಬಾವ್ ಮತ್ತು ಸಂಗಡಿಗರದು, 2009ರಲ್ಲಿ ಪ್ರಕಟವಾಯಿತು. ಕಾಲೇಜಿಗೆ ಕಾಲಿಡುತ್ತಿದ್ದ ಚೀನಾ ಮತ್ತು ಅಮೆರಿಕದ ವಿದ್ಯಾರ್ಥಿಗಳನ್ನು ಅವರು ಹೋಲಿಸಿದರು. ಶಾಲೆಯಲ್ಲಿ ವರ್ಷಗಟ್ಟಲೆ ಭೌತಶಾಸ್ತ್ರ ಓದಿದ ಚೀನಾದ ವಿದ್ಯಾರ್ಥಿಗಳು ಬಲದ ಪ್ರಶ್ನಾವಳಿಯಲ್ಲಿ ಸರಾಸರಿ ಶೇಕಡಾ 86 ಗಳಿಸಿದರೆ ಅಮೆರಿಕದವರು ಶೇಕಡಾ 49. ಅಂದರೆ ಹೆಚ್ಚು ಓದಿದ್ದಕ್ಕೆ ಫಲವಿದೆ, ಇದನ್ನು ಮರೆಯಬಾರದು. ಆದರೆ ವೈಜ್ಞಾನಿಕವಾಗಿ ತರ್ಕಿಸುವ ಶಕ್ತಿಯನ್ನು ಅಳೆಯುವ ಬೇರೊಂದು ಪರೀಕ್ಷೆಯಲ್ಲಿ ಎರಡೂ ದೇಶದವರು ಶೇಕಡಾ 75ರ ಆಸುಪಾಸು, ಸರಿಸಮ. ವಿಷಯ ಹೆಚ್ಚು ತಿಳಿದ ಮಾತ್ರಕ್ಕೆ ತರ್ಕ ತಾನಾಗಿ ಬೆಳೆಯುವುದಿಲ್ಲ, ಅದನ್ನು ಬೇರೆಯಾಗಿಯೇ ಬೆಳೆಸಬೇಕು.

ಕರೆಂಟು ಎಂದರೆ ಏನು?

ಬಲದ ಅಧ್ಯಾಯದಷ್ಟೇ ಗೊಂದಲ ವಿದ್ಯುತ್ತಿನಲ್ಲೂ ಇದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಿಲಿಯನ್ ಮ್ಯಾಕ್‌ಡರ್ಮಟ್ ಮತ್ತು ಪೀಟರ್ ಶಾಫರ್ ಒಂದು ಪ್ರಸಿದ್ಧ ಪ್ರಶ್ನೆ ರೂಪಿಸಿದರು. ಒಂದೇ ಬಗೆಯ ಐದು ಬಲ್ಬು, ಒಂದೇ ಬಗೆಯ ಮೂರು ಬ್ಯಾಟರಿ. ಮೊದಲ ಬ್ಯಾಟರಿಗೆ ಒಂದು ಬಲ್ಬು. ಎರಡನೆಯದಕ್ಕೆ ಎರಡು ಬಲ್ಬು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದು. ಮೂರನೆಯದಕ್ಕೆ ಎರಡು ಬಲ್ಬು ಸಮಾಂತರವಾಗಿ, ಅಂದರೆ ಪ್ರತಿಯೊಂದೂ ನೇರ ಬ್ಯಾಟರಿಗೆ. ಯಾವುದು ಹೆಚ್ಚು ಬೆಳಗುತ್ತದೆ?

ಸರಿಯುತ್ತರ: ಒಂಟಿ ಬಲ್ಬು ಮತ್ತು ಸಮಾಂತರದ ಎರಡು ಬಲ್ಬುಗಳು ಒಂದೇ ಪ್ರಕಾಶ, ಸರಣಿಯ ಎರಡು ಬಲ್ಬುಗಳು ಮಂದ, ಆದರೆ ಪರಸ್ಪರ ಸಮಾನ. ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಕೊಟ್ಟಾಗ ಸರಿಯಾಗಿ ಉತ್ತರಿಸಿದವರು ಶೇಕಡಾ 15ರಷ್ಟು ಮಾತ್ರ ಎಂದು 1992ರಲ್ಲಿ ಅವರು ವರದಿ ಮಾಡಿದರು. ಮೊದಲ ಬಲ್ಬು ಸ್ವಲ್ಪ ಪ್ರವಾಹವನ್ನು ತಿಂದುಬಿಡುತ್ತದೆ, ಎರಡನೆಯದಕ್ಕೆ ಕಡಿಮೆ ಉಳಿಯುತ್ತದೆ ಎಂಬುದು ಅನೇಕರ ನಂಬಿಕೆ. ನಿಜದಲ್ಲಿ ಸರಣಿ ಮಂಡಲದಲ್ಲಿ ಪ್ರವಾಹ ಎಲ್ಲೆಡೆಯೂ ಒಂದೇ. ಬಲ್ಬಿನಲ್ಲಿ ಶಾಖ ಮತ್ತು ಬೆಳಕಾಗಿ ಪರಿವರ್ತನೆಯಾಗುವುದು ಶಕ್ತಿ, ಪ್ರವಾಹವಲ್ಲ.

ಈ ಗೊಂದಲಕ್ಕೆ ನಮ್ಮ ದಿನಬಳಕೆಯ ಮಾತೂ ಕೈಜೋಡಿಸುತ್ತದೆ. 'ಕರೆಂಟು ಹೋಯಿತು' ಎಂದಾಗ ನಾವು ಹೇಳುವುದು ಪೂರೈಕೆಯ ಬಗ್ಗೆ. 'ಕರೆಂಟು ಹೊಡೆಯಿತು' ಎಂದಾಗ ಆಘಾತದ ಬಗ್ಗೆ. ಮೆಸ್ಕಾಂನವರು ಕೊಡುವ 'ಕರೆಂಟು ಬಿಲ್ಲು' ಬಳಸಿದ ಶಕ್ತಿಯ ಯೂನಿಟ್ಟುಗಳ ಲೆಕ್ಕ. ಪಠ್ಯದ ಕರೆಂಟು ಇವು ಯಾವುವೂ ಅಲ್ಲ. ಅದು ತಂತಿಯಲ್ಲಿ ವಿದ್ಯುದಂಶಗಳು ಹರಿಯುವ ದರ. ಒಂದೇ ಪದದೊಳಗೆ ನಾಲ್ಕು ಅರ್ಥ ಅಡಗಿರುವಾಗ ಮಗು ಗೊಂದಲಗೊಳ್ಳುವುದು ಸಹಜ.

ಮನೆಮಾತು, ಶಾಲೆಮಾತು, ಕಾಲೇಜುಮಾತು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಅಥವಾ ಹವ್ಯಕ ಕನ್ನಡ. ಶಾಲೆಯಲ್ಲಿ ಪುಸ್ತಕದ ಕನ್ನಡ. ಪಿಯುಸಿ ವಿಜ್ಞಾನ ಸೇರಿದ ಕೂಡಲೇ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಮೂರು ಭಾಷೆಗಳ ಮೂರು ಮೆಟ್ಟಿಲು ಹತ್ತಿ ಭೌತಶಾಸ್ತ್ರಕ್ಕೆ ತಲುಪಬೇಕು.

ಪುಸ್ತಕದ ಕನ್ನಡವೂ ಸುಲಭವಲ್ಲ. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಪದಗಳು ಆಡುಮಾತಿನಲ್ಲಿ ಒಂದರ ಬದಲು ಒಂದು ಬರುತ್ತವೆ. 'ಅವನಿಗೆ ಬಲ ಇದೆ', 'ಅವನಿಗೆ ಶಕ್ತಿ ಇದೆ' ಎರಡರ ಅರ್ಥವೂ ಒಂದೇ. ಭೌತಶಾಸ್ತ್ರದಲ್ಲಿ ಮಾತ್ರ ಬಲ ಎಂದರೆ ಒಂದು ವಸ್ತು ಇನ್ನೊಂದರ ಮೇಲೆ ಹಾಕುವ ಒತ್ತು ಅಥವಾ ಎಳೆತ, ಶಕ್ತಿ ಎಂದರೆ ಕೆಲಸ ಮಾಡಲು ಬೇಕಾದ ಸಂಪತ್ತು, ಸಾಮರ್ಥ್ಯ ಎಂದರೆ ಆ ಕೆಲಸ ನಡೆಯುವ ದರ. ಜವ ಮತ್ತು ವೇಗ ಎಂಬ ಜೋಡಿಯೂ ಹೀಗೆಯೇ. ವೇಗಕ್ಕೆ ದಿಕ್ಕು ಇದೆ, ಜವಕ್ಕಿಲ್ಲ. 'ಕೆಲಸ' ಎಂಬ ಪದವಂತೂ ಇನ್ನೂ ವಿಚಿತ್ರ. ತಲೆಯ ಮೇಲೆ ಅಕ್ಕಿಮುಡಿ ಹೊತ್ತು ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಅಲುಗಾಡದೆ ನಿಂತವನು ಆ ಮುಡಿಯ ಮೇಲೆ ಭೌತಶಾಸ್ತ್ರದ ಪ್ರಕಾರ ಯಾವ ಕೆಲಸವನ್ನೂ ಮಾಡಿಲ್ಲ. ಇದನ್ನು ಅವನ ಕುತ್ತಿಗೆ ಒಪ್ಪಲಾರದು!

ಆದ್ದರಿಂದ ಪದದ ಅರ್ಥ ಬದಲಾಗಿದೆ ಎಂಬುದನ್ನು ಅಧ್ಯಾಪಕರು ಬಾಯಿಬಿಟ್ಟು ಹೇಳಬೇಕು. 'ಮನೆಯಲ್ಲಿ ಈ ಪದಕ್ಕೆ ಏನರ್ಥ? ಇಲ್ಲಿ ಏನರ್ಥ?' ಎಂದು ಹಲಗೆಯ ಮೇಲೆ ಎರಡು ಸಾಲು ಬರೆದರೂ ಸಾಕು, ಅರ್ಧ ತೊಡಕು ಬಿಡಿಸಿದಂತಾಗುತ್ತದೆ.

ಫಲ ಕೊಡುವ ಬೋಧನೆ ಯಾವುದು?

ಇಂಡಿಯಾನ ವಿಶ್ವವಿದ್ಯಾಲಯದ ರಿಚರ್ಡ್ ಹೇಕ್ 1998ರಲ್ಲಿ 62 ಪಾಠಕ್ರಮಗಳ 6542 ವಿದ್ಯಾರ್ಥಿಗಳ ಅಂಕಗಳನ್ನು ಕಲೆಹಾಕಿದರು. ಅವರ ಲೆಕ್ಕದ ಕ್ರಮ ಸರಳ. ತರಗತಿಯೊಂದು ಪಾಠಕ್ಕೆ ಮೊದಲು 100ರಲ್ಲಿ 40 ಗಳಿಸಿದ್ದರೆ ಗಳಿಸಲು ಉಳಿದದ್ದು 60. ಪಾಠದ ಅನಂತರ ಆ 60ರಲ್ಲಿ ಎಷ್ಟು ಪಾಲು ಗಳಿಸಿತು? ಬರಿಯ ಉಪನ್ಯಾಸದ 14 ಪಾಠಕ್ರಮಗಳಲ್ಲಿ ಈ ಪಾಲು ಸರಾಸರಿ 0.23. ಅಂದರೆ 60ರಲ್ಲಿ ಸುಮಾರು 14. ವಿದ್ಯಾರ್ಥಿಗಳು ಊಹಿಸಿ, ಚರ್ಚಿಸಿ, ಮಾಡಿ ಕಲಿತ 48 ಪಾಠಕ್ರಮಗಳಲ್ಲಿ ಅದು 0.48. ಅಂದರೆ 60ರಲ್ಲಿ ಸುಮಾರು 29. ಹೆಚ್ಚುಕಡಿಮೆ ಎರಡು ಪಟ್ಟು. ಈ ಮಾಹಿತಿಯನ್ನು ಅಧ್ಯಾಪಕರು ತಾವಾಗಿ ಕಳಿಸಿದ್ದರಿಂದ ಯಶಸ್ವಿಯಾದ ತರಗತಿಗಳೇ ಹೆಚ್ಚು ಸೇರಿರಬಹುದು ಎಂಬ ಆಕ್ಷೇಪ ಉಂಟು. ಆದರೆ 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ವಿಷಯಗಳ 225 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ ದಿಕ್ಕು ಇದೇ ಆಗಿತ್ತು. ಬರಿಯ ಉಪನ್ಯಾಸ ಕೇಳಿದವರಲ್ಲಿ ಅನುತ್ತೀರ್ಣರ ಪ್ರಮಾಣ ಒಂದೂವರೆ ಪಟ್ಟು ಹೆಚ್ಚು.

ಮಜೂರ್ ಅವರು 1991ರಿಂದ ಬಳಸಿದ ಕ್ರಮವನ್ನು ನಮ್ಮ ಯಾವ ಶಾಲೆಯಲ್ಲೂ ಬಳಸಬಹುದು. ಅಧ್ಯಾಪಕರು ಹತ್ತು ನಿಮಿಷ ವಿವರಿಸಿ, ಒಂದು ಪ್ರಶ್ನೆ ಹಾಕಿ, ನಾಲ್ಕು ಉತ್ತರ ಕೊಡುತ್ತಾರೆ. ಪ್ರತಿಯೊಬ್ಬರೂ ಮಾತಾಡದೆ ಯೋಚಿಸಿ ಬೆರಳು ತೋರಿಸಿ ಉತ್ತರ ಹೇಳುತ್ತಾರೆ. ಸುಮಾರು ಅರ್ಧದಷ್ಟು ಮಂದಿ ಸರಿಯಿದ್ದರೆ, ಯಾರು ಸರಿಯೆಂದು ಹೇಳದೆ, 'ಪಕ್ಕದವರನ್ನು ಒಪ್ಪಿಸಿ ನೋಡೋಣ' ಎನ್ನುತ್ತಾರೆ. ಎರಡು ನಿಮಿಷ ಗದ್ದಲ. ಮತ್ತೆ ಬೆರಳು. ಈ ಸಲ ಸರಿಯುತ್ತರ ಹೆಚ್ಚಾಗಿರುತ್ತದೆ. ಕೊನೆಗೆ ಅಧ್ಯಾಪಕರ ವಿವರಣೆ. ಇದಕ್ಕೆ ಕಂಪ್ಯೂಟರ್ ಬೇಡ, ಅನುದಾನವೂ ಬೇಡ.

ನಮ್ಮ ಕಡೆ ಇದರಿಂದ ಇನ್ನೂ ಒಂದು ಅನುಕೂಲವಿದೆ. ಬೆಂಚಿನ ಪಕ್ಕದ ಗೆಳತಿ ವಿವರಿಸುವುದು ತುಳುವಿನಲ್ಲೋ ಬ್ಯಾರಿಯಲ್ಲೋ. ನಿನ್ನೆಯಷ್ಟೇ ಅದೇ ಗೊಂದಲದಲ್ಲಿದ್ದವಳಿಗೆ ಗೊಂದಲದ ಗಂಟು ಎಲ್ಲಿದೆಯೆಂದು ಗೊತ್ತಿರುತ್ತದೆ. ಇಂಗ್ಲಿಷಿನ ಗೋಡೆಯನ್ನು ಆ ಎರಡು ನಿಮಿಷಗಳಲ್ಲಿ ಮಕ್ಕಳೇ ದಾಟಿಕೊಳ್ಳಬಹುದು.

ಇಲ್ಲಿ ಒಂದು ಎಚ್ಚರಿಕೆ. ಇದು 'ಮಕ್ಕಳೇ ಕಂಡುಕೊಳ್ಳಲಿ' ಎಂದು ಕೈಕಟ್ಟಿ ಕೂರುವುದಲ್ಲ. ಸರಿಯಾದ ಪ್ರಶ್ನೆ ಆರಿಸಲು ಅಧ್ಯಾಪಕರಿಗೆ ವಿಷಯದ ಮೇಲೆ ಇನ್ನೂ ಹೆಚ್ಚಿನ ಹಿಡಿತ ಬೇಕು. ಪಾಠ ನಿಧಾನವಾಗುತ್ತದೆ, ಪಠ್ಯ ಮುಗಿಸುವ ಒತ್ತಡವಿರುವ ನಮ್ಮಲ್ಲಿ ಅದು ನಿಜವಾದ ಕಷ್ಟ. ಮಕ್ಕಳಿಗೂ ಮೊದಲಿಗೆ ಹಿಡಿಸದಿರಬಹುದು. ಹಾರ್ವರ್ಡಿನಲ್ಲೇ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚರ್ಚಿಸಿ ಕಲಿತ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರೂ ತಾವು ಕಡಿಮೆ ಕಲಿತೆವೆಂದು ಭಾವಿಸಿದ್ದರು. ಸುಲಲಿತವಾದ ಉಪನ್ಯಾಸ ಕೇಳಿದವರಿಗೆ ಎಲ್ಲವೂ ತಿಳಿಯಿತೆಂಬ ತೃಪ್ತಿ ಇತ್ತು, ಕಲಿಕೆ ಅಷ್ಟಿರಲಿಲ್ಲ.

ನಮ್ಮ ನೆಲದ ಕೆಲಸ

ಈ ಚಿಂತನೆಯೆಲ್ಲ ಹೊರಗಿನಿಂದಲೇ ಬಂದದ್ದೆಂದು ತಿಳಿಯಬೇಕಾಗಿಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮವು ಹಳ್ಳಿಯ ಮಕ್ಕಳು ಪ್ರಯೋಗ ಮಾಡಿಯೇ ಕಲಿಯಬಹುದೆಂದು ತೋರಿಸಿಕೊಟ್ಟಿತು. 2002ರಲ್ಲಿ ಅದು ನಿಂತುಹೋದರೂ ಅದರ ಪ್ರಭಾವ ಉಳಿದಿದೆ. 1974ರಲ್ಲಿ ಮುಂಬಯಿಯಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಸ್ಥಾಪನೆಯಾಯಿತು. ಅಲ್ಲಿನ ಪಾನ್ಸೆ, ಜಯಶ್ರೀ ರಾಮದಾಸ್ ಮತ್ತು ಅರವಿಂದ ಕುಮಾರ್ 1994ರಲ್ಲಿ ಪ್ರಕಟಿಸಿದ ಅಧ್ಯಯನ ನಿರ್ದೇಶನ ಚೌಕಟ್ಟಿನ ಬಗ್ಗೆ ಭಾರತೀಯ ವಿದ್ಯಾರ್ಥಿಗಳ ಕಲ್ಪನೆಗಳನ್ನು ಬಿಡಿಸಿ ನೋಡಿತು. ಅದರ ಸಾರವನ್ನು ನಮ್ಮ ಊರಿನ ಉದಾಹರಣೆಯಲ್ಲಿ ಹೀಗೆ ಹೇಳಬಹುದು. ಚಾರ್ಮಾಡಿ ಘಾಟಿ ಇಳಿಯುವ ಬಸ್ಸನ್ನು ಒಂದು ಚೌಕಟ್ಟು ಎಂದುಕೊಂಡರೆ, ಬಸ್ಸಿನ ಒಳಗಿರುವ ವಸ್ತುಗಳು ಮಾತ್ರ ಅದಕ್ಕೆ ಸೇರಿವೆ, ಹೊರಗಿನ ಮರ ಸೇರಿಲ್ಲ ಎಂದು ವಿದ್ಯಾರ್ಥಿ ಭಾವಿಸುತ್ತಾನೆ. ಚೌಕಟ್ಟು ಎಂದರೆ ಗೋಡೆಗಳಿರುವ ಪೆಟ್ಟಿಗೆಯಲ್ಲ, ನೋಡುವ ನೆಲೆ. ಬಸ್ಸಿನ ನೆಲೆಯಿಂದ ಹೊರಗಿನ ಮರವೂ ಚಲಿಸುತ್ತಿದೆ ಎಂದು ಕಾಣಲು ಬರಬೇಕು.

ಕರ್ನಾಟಕದಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ವಿಜ್ಞಾನವನ್ನೂ ಬೋಧನಾ ಶಾಸ್ತ್ರವನ್ನೂ ಒಟ್ಟಿಗೆ ಕಲಿಸುವ ಕೆಲಸ ಮಾಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1996ರಿಂದ 'ರೆಸೊನೆನ್ಸ್' ಪತ್ರಿಕೆಯನ್ನು ಹೊರತರುತ್ತಿದೆ. ಅದರ ಆಶ್ರಯದಲ್ಲಿ ಪ್ರೊ. ಆರ್. ಶ್ರೀನಿವಾಸನ್ ಅವರು ಕಾಲೇಜು ಅಧ್ಯಾಪಕರಿಗಾಗಿ ಪ್ರಾಯೋಗಿಕ ಭೌತಶಾಸ್ತ್ರದ ಪುನಶ್ಚೇತನ ಶಿಬಿರಗಳನ್ನು ನಡೆಸಿದರು. ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಪ್ರಶ್ನಿಸುವುದೇ ವಿಜ್ಞಾನದ ಮೊದಲ ಪಾಠ ಎಂದು ಬದುಕಿನುದ್ದಕ್ಕೂ ಸಾರಿದರು. ಇನ್ನು ನಮ್ಮ ಬಂಟ್ವಾಳ ತಾಲೂಕಿನ ಗಡಿಯ ಊರು ಅಡ್ಯನಡ್ಕ. ಆ ಊರಿನ ಹೆಸರನ್ನು ಕನ್ನಡ ವಿಜ್ಞಾನ ಸಾಹಿತ್ಯದಲ್ಲಿ ನಿಲ್ಲಿಸಿದವರು ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅಡ್ಯನಡ್ಕ ಕೃಷ್ಣಭಟ್ಟರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ'ದ ಓದುಗರಿಗೆ ಅವರು ಚಿರಪರಿಚಿತರು. ಕನ್ನಡದಲ್ಲಿ ಭೌತಶಾಸ್ತ್ರವನ್ನು ತಿಳಿಯಾಗಿ ಹೇಳಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಟೆಲಿವಿಷನ್ ಕಲಿಸಬಲ್ಲದೇ?

ನಮ್ಮ ಮಾಧ್ಯಮದ ಬಗ್ಗೆಯೂ ಈ ಸಂಶೋಧನೆಗೆ ಹೇಳಲಿಕ್ಕಿದೆ. ಭಾರತದಲ್ಲಿ ಶಾಲೆಗಳಿಗೆ ಟೆಲಿವಿಷನ್ ಪಾಠ ಆರಂಭವಾದದ್ದು 1961ರಲ್ಲಿ, ದೆಹಲಿಯಲ್ಲಿ. ಭೌತಶಾಸ್ತ್ರ ಮೊದಲ ವಿಷಯಗಳಲ್ಲಿ ಒಂದು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಚಂದನದ 'ಸಂವೇದ' ಪಾಠಗಳು ಎಷ್ಟೋ ಮನೆಗಳಿಗೆ ತರಗತಿಯಾಗಿದ್ದವು.

ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಡೆರೆಕ್ ಮುಲ್ಲರ್ 2008ರಲ್ಲಿ ಪೂರೈಸಿದ ಸಂಶೋಧನೆ ಕಾರ್ಯಕ್ರಮ ತಯಾರಿಸುವವರೆಲ್ಲ ಗಮನಿಸಬೇಕಾದದ್ದು. ನ್ಯೂಟನ್ನನ ನಿಯಮಗಳ ಬಗ್ಗೆ ಸ್ಪಷ್ಟವಾದ, ಚೊಕ್ಕವಾದ ವಿವರಣೆಯ ಚಿತ್ರವನ್ನು ಒಂದು ಗುಂಪು ನೋಡಿತು. ಇನ್ನೊಂದು ಗುಂಪು ನೋಡಿದ ಚಿತ್ರದಲ್ಲಿ ವಿದ್ಯಾರ್ಥಿಯ ಪಾತ್ರವೊಂದು ಸಾಮಾನ್ಯವಾದ ತಪ್ಪುಕಲ್ಪನೆಗಳನ್ನು ಹೇಳುತ್ತದೆ, ಅದರ ಮೇಲೆ ವಾದ ನಡೆದು ಸರಿಯಾದದ್ದು ಹೊರಬರುತ್ತದೆ. ಹೆಚ್ಚು ಕಲಿತವರು ಎರಡನೆಯವರು. ಚೊಕ್ಕ ವಿವರಣೆ ನೋಡಿದವರು ತಮಗೆ ಗೊತ್ತಿರುವುದನ್ನೇ ಪರದೆ ಹೇಳುತ್ತಿದೆ ಎಂದುಕೊಂಡು ಹಳೆಯ ಕಲ್ಪನೆಯನ್ನೇ ಗಟ್ಟಿಮಾಡಿಕೊಳ್ಳುವ ಅಪಾಯವಿದೆ. ಮಾತುಕತೆಯ ಕಾರ್ಯಕ್ರಮದಲ್ಲಿ ಪ್ರಶ್ನೆ ಕೇಳುವವರು ಇರಬೇಕಾದದ್ದು ಅಲಂಕಾರಕ್ಕಲ್ಲ. ವೀಕ್ಷಕರ ಮನಸ್ಸಿನಲ್ಲಿರುವ ತಪ್ಪು ಉತ್ತರ ಪರದೆಯ ಮೇಲೆ ಒಮ್ಮೆ ಕೇಳಿಬರಬೇಕು.

ನಾಳೆಯೇ ಮಾಡಬಹುದಾದದ್ದು

ಅಧ್ಯಾಪಕರಿಗೆ, ಹೆತ್ತವರಿಗೆ ಖರ್ಚಿಲ್ಲದ ಮೂರು ಪ್ರಯೋಗಗಳು ಇಲ್ಲಿವೆ. ಎಲ್ಲದರಲ್ಲೂ ಕ್ರಮ ಒಂದೇ: ಮೊದಲು ಊಹೆಯನ್ನು ಕಾರಣದೊಂದಿಗೆ ಬರೆಯಿಸಿ, ಆಮೇಲೆ ಮಾಡಿ ನೋಡಿ, ಕೊನೆಗೆ ವ್ಯತ್ಯಾಸ ಏಕೆ ಬಂತೆಂದು ಚರ್ಚಿಸಿ. ಊಹೆ ಬರೆಯದೆ ನೋಡಿದ ಪ್ರಯೋಗ ಬರಿಯ ತಮಾಷೆಯಾಗಿ ಉಳಿಯುತ್ತದೆ.

ಒಂದು: ಪ್ಲಾಸ್ಟಿಕ್ ಬಾಟಲಿಯ ಬುಡದ ಬದಿಯಲ್ಲಿ ಒಂದು ತೂತು ಮಾಡಿ ನೀರು ತುಂಬಿ, ಮುಚ್ಚಳ ತೆಗೆದಿಡಿ. ನೀರು ಚಿಮ್ಮುತ್ತದೆ. ಈಗ ಜಗಲಿಯಿಂದ ಬಾಟಲಿಯನ್ನು ಕೈಬಿಟ್ಟರೆ, ಬೀಳುತ್ತಿರುವಾಗ ನೀರು ಹೆಚ್ಚು ಚಿಮ್ಮುತ್ತದೆಯೇ, ಕಡಿಮೆಯೇ, ನಿಲ್ಲುತ್ತದೆಯೇ? ನಿಲ್ಲುತ್ತದೆ. ಬಾಟಲಿಯೂ ನೀರೂ ಒಂದೇ ದರದಲ್ಲಿ ಬೀಳುವುದರಿಂದ ನೀರು ತೂತಿನ ಮೇಲೆ ಒತ್ತಡ ಹಾಕುವುದಿಲ್ಲ.

ಎರಡು: ಟಾರ್ಚಿನ ಒಂದು ಬಲ್ಬು, ಒಂದು ಸೆಲ್ಲು, ಒಂದೇ ಒಂದು ತುಂಡು ತಂತಿ. ಬಲ್ಬು ಹೊತ್ತಿಸಿ. ಪದವೀಧರರೂ ಇದರಲ್ಲಿ ತಡವರಿಸುವುದುಂಟು. ಬಲ್ಬಿಗೆ ಎರಡು ತುದಿಗಳಿವೆ, ದಾರಿ ಹೋಗಿ ಮರಳಿ ಬರಬೇಕು ಎಂಬುದು ಕೈಗೆ ತಿಳಿದಾಗಲೇ 'ಮಂಡಲ' ಎಂಬ ಪದಕ್ಕೆ ಜೀವ ಬರುತ್ತದೆ. ಮನೆಯ ಗೋಡೆಯ ಪ್ಲಗ್ಗಿನಲ್ಲಿ ಮಾತ್ರ ಇಂತಹ ಪ್ರಯೋಗ ಎಂದೂ ಬೇಡ.

ಮೂರು: ಬಸ್ಸಿನಲ್ಲಿ ನಿಂತಿರುವಾಗ ಚಾಲಕ ಬ್ರೇಕ್ ಹಾಕಿದರೆ ನಾವು ಮುಂದಕ್ಕೆ ವಾಲುತ್ತೇವೆ. ನಮ್ಮನ್ನು ಮುಂದಕ್ಕೆ ತಳ್ಳಿದವರು ಯಾರು? ಮಕ್ಕಳು ಹೇಳುವ ಪ್ರತಿಯೊಂದು ಉತ್ತರಕ್ಕೂ 'ಆ ಬಲವನ್ನು ಹಾಕಿದ ವಸ್ತು ಯಾವುದು, ತೋರಿಸು' ಎಂದು ಕೇಳಿ. ತೋರಿಸಲು ಯಾವ ವಸ್ತುವೂ ಸಿಗದಿದ್ದಾಗ ಜಡತ್ವ ಎಂದರೇನೆಂದು ಹೊಳೆಯತೊಡಗುತ್ತದೆ. ಬಸ್ಸಿನ ವೇಗ ಇಳಿಯಿತು, ನಮ್ಮ ಕಾಲು ಬಸ್ಸಿನೊಂದಿಗೆ ನಿಧಾನವಾಯಿತು, ಮೇಲಿನ ದೇಹ ಹಿಂದಿದ್ದ ವೇಗದಲ್ಲೇ ಮುಂದುವರಿಯಿತು, ಅಷ್ಟೆ.

ಶಾಲೆಯಿಂದ ಬಂದ ಮಗುವನ್ನು ಎಷ್ಟು ಅಂಕ ಬಂತೆಂದು ಕೇಳುವುದು ನಮ್ಮ ರೂಢಿ. ಅದನ್ನು ಬಿಡಬೇಕಾಗಿಲ್ಲ. ಅದರ ಜೊತೆಗೆ 'ಇವತ್ತು ಯಾವ ಊಹೆ ತಪ್ಪಾಯಿತು, ಏಕೆ ತಪ್ಪಾಯಿತು?' ಎಂದೂ ಕೇಳೋಣ. ತಪ್ಪು ಊಹೆಯನ್ನು ನಾಚಿಕೆಯಿಲ್ಲದೆ ಹೇಳಬಲ್ಲ ಮಗುವಿಗೆ ಭೌತಶಾಸ್ತ್ರ ಕಬ್ಬಿಣದ ಕಡಲೆಯಾಗಿ ಉಳಿಯುವುದಿಲ್ಲ.